ಟಿಪ್ಪುವಿನ ಕಡಲು: ಹಡಗುಗಳಿಗೆ ಆಜ್ಞೆ ಹೊರಟಿತು, ಕಪ್ತಾನರು ದೊರೆಯಲಿಲ್ಲ

ಬೆಳ್ತಂಗಡಿ ಪೇಟೆಯ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಒಂಟಿಯಾಗಿ ಎದ್ದು ನಿಂತಿರುವ ಕರಿಬಂಡೆಯನ್ನು ಜನರು ಗಡಾಯಿಕಲ್ಲು ಎನ್ನುತ್ತಾರೆ. ಹಿಂದಿನ ನರಸಿಂಹಗಡದ ನೆಲೆಯಲ್ಲಿ 1794ರಲ್ಲಿ ಟಿಪ್ಪು ಸುಲ್ತಾನನು ಇಲ್ಲಿ ಕೋಟೆಯನ್ನು ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟನು. ಅದು ಅವನ ತಾಯಿಯ ನೆನಪಿಗೆ ಇಟ್ಟ ಹೆಸರೆಂದು ಸ್ಥಳೀಯ ಐತಿಹ್ಯ ಹೇಳುತ್ತದೆ. ಬಂಡೆಯನ್ನು ಕೊರೆದ ಕಡಿದಾದ ಮೆಟ್ಟಿಲುಗಳನ್ನು ಏರುವ ಚಾರಣಿಗರಿಗೆ ಇದು ನೆಲದ ಕೋಟೆಯಾಗಿಯೇ ಕಾಣುತ್ತದೆ. ಆದರೆ ಇದೇ ಜಮಾಲಾಬಾದ್ ಎಂಬ ಹೆಸರು ಕಡಲಿಗೆ ಸಂಬಂಧಿಸಿದ ಒಂದು ಕಡತದಲ್ಲಿಯೂ ಇದೆ. 1796ರಲ್ಲಿ ಟಿಪ್ಪು ಹೊರಡಿಸಿದ ನೌಕಾ ನಿಯಮಾವಳಿಯಲ್ಲಿ ಮೂರು ನೌಕಾನೆಲೆಗಳ ಹೆಸರುಗಳಿದ್ದು, ಅವುಗಳಲ್ಲಿ ಒಂದು ಜಮಾಲಾಬಾದ್. ಆ ಕಡತವನ್ನು ಇಂಗ್ಲಿಷಿಗೆ ತಂದವರು ಅದನ್ನು ಮಂಗಳೂರು ಬಂದರೆಂದು ಗುರುತಿಸಿದರು.

ಮೈಸೂರಿನ ಹುಲಿಯೆಂದು ಹೆಸರಾದ ಅರಸನ ಬದುಕನ್ನು ಕುದುರೆ, ಕತ್ತಿ, ರಾಕೆಟ್ಟುಗಳ ಮೂಲಕ ಹೇಳುವುದು ರೂಢಿ. ಕಡಲಿನ ಮೂಲಕ ನೋಡಿದರೆ ಅದೇ ಬದುಕು ಬೇರೆಯಾಗಿ ಕಾಣುತ್ತದೆ. ಹದಿಹರೆಯದಿಂದ ಸಾವಿನವರೆಗೂ ಸಮುದ್ರವು ಅವನಿಗೆ ಒಂದೇ ಪಾಠವನ್ನು ಮತ್ತೆ ಮತ್ತೆ ಕಲಿಸಿತು. ಹಡಗನ್ನು ಹಣದಿಂದ ಕಟ್ಟಿಸಬಹುದು; ಹಡಗನ್ನು ನಡೆಸುವವನನ್ನು ತಯಾರು ಮಾಡಲು ಒಂದು ತಲೆಮಾರು ಬೇಕು.

ಕರಾವಳಿಗೆ ಬಂದ ಮೈಸೂರು

ಟಿಪ್ಪು ಹುಟ್ಟಿದುದು ಸಮುದ್ರದಿಂದ ಬಹುದೂರದ ದೇವನಹಳ್ಳಿಯಲ್ಲಿ. ಅವನ ಬಾಲ್ಯದಲ್ಲಿ ಮೈಸೂರಿಗೆ ಕಡಲತೀರವೇ ಇರಲಿಲ್ಲ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಕೆಳದಿ ಅರಸರ ಅಧೀನದಲ್ಲಿದ್ದ ಕರಾವಳಿಯೂ ಮಂಗಳೂರು ಬಂದರೂ ಮೈಸೂರಿಗೆ ಬಂದವು. ಘಟ್ಟದ ಮೇಲಿನ ಸೈನ್ಯವೊಂದಕ್ಕೆ ಒಮ್ಮೆಲೇ ಬಂದರು, ಹಡಗು, ಸುಂಕದಕಟ್ಟೆಗಳು ದೊರೆತವು.

ಕರಾವಳಿಯವರಿಗೆ ಸಮುದ್ರವು ಹೊಸದಾಗಿರಲಿಲ್ಲ. ಚೌಟರ ಮನೆತನದ ಅಬ್ಬಕ್ಕ ರಾಣಿಯು ಹದಿನಾರನೆಯ ಶತಮಾನದಲ್ಲಿಯೇ ಉಳ್ಳಾಲದಲ್ಲಿ ಪೋರ್ಚುಗೀಸರ ನೌಕಾಬಲವನ್ನು ಎದುರಿಸಿದ್ದಳು. ಆ ಮನೆತನದ ಅರಮನೆ ಮೂಡುಬಿದಿರೆಯಲ್ಲಿ ಇಂದಿಗೂ ಇದೆ. ಬೆಳ್ತಂಗಡಿ ಸೀಮೆಯನ್ನು ಹಾದು ಬಂಟ್ವಾಳವನ್ನು ಮುಟ್ಟುವ ನೇತ್ರಾವತಿ ಹಾಗೂ ವೇಣೂರಿನ ಬಳಿಯಿಂದ ಇಳಿದು ಬರುವ ಫಲ್ಗುಣಿ ನದಿಗಳೆರಡೂ ಮಂಗಳೂರಿನಲ್ಲಿ ಕಡಲನ್ನು ಸೇರುತ್ತವೆ. ಒಳನಾಡಿನ ಅಕ್ಕಿ, ಮೆಣಸು, ಮರಗಳು ಬಂದರನ್ನು ತಲುಪಲು ನದಿಗಳೇ ದಾರಿಯಾಗಿದ್ದವು. ದೂರದ ಕಡಲಿನಿಂದ ಬರುವ ನಾವಿಕರಿಗೆ ಕುದುರೆಯ ಮುಖದಂತೆ ಕಾಣುವ ಘಟ್ಟದ ಶಿಖರವೇ ದಿಕ್ಕಿನ ಗುರುತು. ಕುದುರೆಮುಖವೆಂಬ ಹೆಸರೂ ಆ ನೋಟದಿಂದಲೇ ಬಂದುದು. ಅಳಿವೆಯ ಮರಳದಿಣ್ಣೆ ಯಾವ ತಿಂಗಳಲ್ಲಿ ಎತ್ತ ಸರಿಯುತ್ತದೆ, ಮುಂಗಾರಿಗೆ ಎಷ್ಟು ದಿನ ಮೊದಲು ಹಡಗನ್ನು ದಡಕ್ಕೆ ಎಳೆಯಬೇಕು ಎಂಬ ಅರಿವು ಮೊಗವೀರ, ಖಾರ್ವಿ, ಬ್ಯಾರಿ, ನವಾಯತ ಸಮುದಾಯಗಳಲ್ಲಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಅದು ಪುಸ್ತಕದ ವಿದ್ಯೆಯಲ್ಲ. ಅರಮನೆಯ ಆಜ್ಞೆಯಿಂದ ದೊರೆಯುವ ವಿದ್ಯೆಯೂ ಅಲ್ಲ.

ಕುದುರೆ ಸವಾರನ ಕೈಗೆ ನೌಕಾಪಡೆ

ಹೈದರನು ಉತ್ಸಾಹದಿಂದ ಹಡಗುಗಳನ್ನು ಕಟ್ಟಿಸತೊಡಗಿದನು. ಗುರಾಬು, ಗಲಿವತ್ತುಗಳೆಂಬ ಅಂದಿನ ಪಶ್ಚಿಮ ಕರಾವಳಿಯ ಯುದ್ಧದೋಣಿಗಳ ಜೊತೆಗೆ ದೊಡ್ಡ ಹಡಗುಗಳೂ ಸೇರಿದವು. ಕಪ್ತಾನರಲ್ಲಿ ಯುರೋಪಿಯನ್ನರೂ ಇದ್ದರು. ಆದರೆ ಈ ಪಡೆಯ ಮೇಲೆ ಹೈದರನು ನೇಮಿಸಿದ ದಂಡನಾಯಕ ಲುತ್ಫ್ ಅಲಿ ಬೇಗ್ ಅಶ್ವದಳದ ಅಧಿಕಾರಿ. ನೆಲದ ಮೇಲೆ ಅವನು ಸಮರ್ಥನಿದ್ದಿರಬಹುದು. ಗಾಳಿ, ಉಬ್ಬರ, ಇಳಿತಗಳ ಲೆಕ್ಕ ಅವನ ಕಸುಬಲ್ಲ. ಕಡಲಿನಲ್ಲಿ ಬೆಳೆದ ಕಪ್ತಾನರು ಈ ನೇಮಕವನ್ನು ಅವಮಾನವೆಂದೇ ಬಗೆದರು.

ಅದರ ಫಲ 1768ರಲ್ಲಿ ಕಂಡಿತು. ಮೊದಲನೆಯ ಮೈಸೂರು ಯುದ್ಧದ ನಡುವೆ ಮುಂಬಯಿಯಿಂದ ಇಂಗ್ಲಿಷರ ನೌಕಾದಳವು ಕರಾವಳಿಗೆ ಇಳಿದಾಗ, ಹೊನ್ನಾವರದ ಬಳಿ ಹೈದರನ ಹೆಚ್ಚಿನ ಹಡಗುಗಳು ಕಾದಾಡದೆಯೇ ಶತ್ರುವಿನ ಪಕ್ಷವನ್ನು ಸೇರಿದವು. ಲುತ್ಫ್ ಅಲಿ ಬೇಗನ ಬಳಿ ಉಳಿದವು ಕೆಲವು ಮಾತ್ರ. ಮಂಗಳೂರು ಇಂಗ್ಲಿಷರ ವಶವಾಯಿತು.

ಬಂದರನ್ನು ಮರಳಿ ಪಡೆಯಲು ಹೈದರನು ಮೊದಲು ಕಳುಹಿಸಿದ ಪಡೆಯೊಡನೆ ಹದಿಹರೆಯದ ಟಿಪ್ಪು ಕರಾವಳಿಗೆ ಇಳಿದನು. ಹಿಂದೆಯೇ ತಂದೆಯೂ ಬಂದನು. 1768ರ ಮೇ ತಿಂಗಳಲ್ಲಿ ಮಂಗಳೂರು ಮೈಸೂರಿಗೆ ಮರಳಿತು. ಇಂಗ್ಲಿಷರು ಗಾಯಾಳುಗಳನ್ನೂ ಫಿರಂಗಿಗಳನ್ನೂ ಬಿಟ್ಟು ಅವಸರದಲ್ಲಿ ಹಡಗು ಹತ್ತಿದರು. ನೆಲದ ಮೇಲೆ ಅದು ಗೆಲುವು. ಆದರೆ ಕಳೆದುಹೋದ ಹಡಗುಗಳು ಮರಳಿ ಬರಲಿಲ್ಲ. ತಪ್ಪು ಕಪ್ತಾನರದೆಂದು ಹೇಳುವುದು ಸುಲಭ. ಅವರ ದ್ರೋಹವೂ ನಿಜ. ಆದರೆ ಕಡಲನ್ನು ಅರಿಯದವನನ್ನು ಅವರ ಮೇಲೆ ಕೂರಿಸಿದ ಹೊಣೆ ನೇಮಿಸಿದವನದೇ ಆಗಿತ್ತು.

ಬಂದರಿನಲ್ಲಿಯೇ ಸುಟ್ಟ ಹಡಗುಗಳು

ಹನ್ನೆರಡು ವರ್ಷಗಳಲ್ಲಿ ಹೈದರನು ಮತ್ತೊಂದು ನೌಕಾಪಡೆಯನ್ನು ಕಟ್ಟಿದನು. ಎರಡನೆಯ ಮೈಸೂರು ಯುದ್ಧ ಆರಂಭವಾದ ವರ್ಷ, 1780ರ ಡಿಸೆಂಬರ್ 8ರಂದು, ಬ್ರಿಟಿಷ್ ನೌಕಾಧಿಪತಿ ಸರ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಮುಂದೆ ಕಾಣಿಸಿಕೊಂಡು ಅಲ್ಲಿ ಲಂಗರು ಹಾಕಿದ್ದ ಮೈಸೂರಿನ ಹಡಗುಗಳನ್ನು ನಾಶಮಾಡಿದನು. ವರ್ಷಗಳ ಶ್ರಮ ಕೆಲವು ಗಂಟೆಗಳಲ್ಲಿ ಬೂದಿಯಾಯಿತು. ತೆರೆದ ಕಡಲಿಗೆ ಹೋಗಿ ಕಾದಾಡಬಲ್ಲ ನುರಿತ ಸಿಬ್ಬಂದಿಯಿಲ್ಲದ ಪಡೆಗೆ ತನ್ನ ಬಂದರೇ ಬೋನಾಗಿ ಪರಿಣಮಿಸಿತು. ಇಂಗ್ಲಿಷರನ್ನು ನೆಲದ ಮೇಲೆ ಹಾಳುಗೆಡವಬಲ್ಲೆನಾದರೂ ಸಮುದ್ರವನ್ನು ಬತ್ತಿಸಲಾರೆನೆಂದು ಹೈದರನು ಕೊನೆಗಾಲದಲ್ಲಿ ಕೊರಗಿದನೆಂಬ ಮಾತು ಇತಿಹಾಸಕಾರರ ಬರಹಗಳಲ್ಲಿ ಉಳಿದುಬಂದಿದೆ.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದನು. ಮರುವರ್ಷವೇ ಮಂಗಳೂರು ಇಂಗ್ಲಿಷರ ಕೈಗೆ ಹೋಯಿತು. ಟಿಪ್ಪುವಿನ ಸೈನ್ಯವು 1783ರ ಮೇ ತಿಂಗಳಿಂದ ಕೋಟೆಯನ್ನು ಮುತ್ತಿತು. ನೆಲದ ದಾರಿಗಳೆಲ್ಲವೂ ಅವನ ಹಿಡಿತದಲ್ಲಿದ್ದವು. ಕಡಲಿನ ದಾರಿ ಮಾತ್ರ ತೆರೆದೇ ಇತ್ತು. ಮುತ್ತಿಗೆಯ ನಡುವೆ ಬ್ರಿಟಿಷ್ ಹಡಗುಗಳು ಕೋಟೆಯ ಮುಂದೆ ಬಂದು ಹೋದವು. ಕೊನೆಗೆ 1784ರ ಜನವರಿ 30ರಂದು ಹಸಿವು, ರೋಗಗಳಿಂದ ಬಸವಳಿದ ಕೋಟೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಆ ಅನುಭವದ ಫಲವಾಗಿ ಫಲ್ಗುಣಿಯ ಅಳಿವೆಯ ಬಳಿ ಕರಿಕಲ್ಲಿನ ಸುಲ್ತಾನ್ ಬತ್ತೇರಿ ಎದ್ದಿತು. ನದಿಯೊಳಗೆ ನುಗ್ಗುವ ಯುದ್ಧನೌಕೆಯನ್ನು ತಡೆಯುವುದು ಅದರ ಉದ್ದೇಶ. ಹಡಗಿನಿಂದ ಆಗದ ಕೆಲಸವನ್ನು ಕಲ್ಲಿನಿಂದ ಮಾಡಿಸುವ ಯತ್ನವದು.

ಅದೇ 1784ರ ಫೆಬ್ರವರಿಯಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಿಂದ ಹಿಡಿದು ಮಂಗಳೂರಿನವರೆಗಿನ ಮನೆತನಗಳಲ್ಲಿ ಆ ನೋವಿನ ನೆನಪು ಇಂದಿಗೂ ಮಾಸಿಲ್ಲ. ಟಿಪ್ಪುವಿನ ಜೀವನವನ್ನು ಬರೆಯುವಾಗ ಇದನ್ನು ಬದಿಗಿಡಲಾಗದು. ಕಡಲಿನ ದೃಷ್ಟಿಯಿಂದಲೂ ಇದು ದೊಡ್ಡ ನಷ್ಟವೇ. ಕರಾವಳಿಯ ಜನರ ವಿಶ್ವಾಸವಿಲ್ಲದೆ ಕರಾವಳಿಯ ನೌಕಾಪಡೆ ಬೆಳೆಯಲಾರದು.

ಮರಳಿ ಬಾರದ ಯಾತ್ರಿಕರು

ಯುದ್ಧ ಮುಗಿದ ಮೇಲೆ ಟಿಪ್ಪುವಿನ ದೃಷ್ಟಿ ಕಡಲಾಚೆಗೆ ಹರಿಯಿತು. ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರ ಕೋಠಿಯಿತ್ತು. ಇಲ್ಲಿಂದ ಅಕ್ಕಿ, ಗಂಧ, ಮೆಣಸು, ಏಲಕ್ಕಿಗಳು ಹೋಗುತ್ತಿದ್ದವು. ಅಲ್ಲಿನ ಅಧಿಕಾರಿಗೆ ಬರೆದ ಪತ್ರಗಳಲ್ಲಿ ಟಿಪ್ಪು ರೇಷ್ಮೆಹುಳುಗಳನ್ನು ಕೇಳಿದನು, ಮುತ್ತು ತೆಗೆಯುವ ಮುಳುಗುಗಾರರನ್ನು ಕೇಳಿದನು, ದೋವೆಂಬ ಅರಬ್ಬೀ ಹಡಗುಗಳನ್ನು ಕಟ್ಟಬಲ್ಲ ಬಡಗಿಗಳನ್ನೂ ಕೇಳಿದನು. ಬಡಗಿಯನ್ನು ಸಂಬಳಕ್ಕೆ ಕರೆತರಬಹುದಿತ್ತು.

1786ರ ಮಾರ್ಚಿನಲ್ಲಿ ಗೋಕರ್ಣದ ಸಮೀಪದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಪಶ್ಚಿಮಕ್ಕೆ ಹೊರಟವು. ಅವುಗಳಲ್ಲಿ ಗುಲಾಂ ಅಲಿ ಖಾನನ ನೇತೃತ್ವದ ರಾಯಭಾರ ಮಂಡಲಿ, ಸಿಪಾಯಿಗಳು, ಪರಿಚಾರಕರು, ನಾವಿಕರು ಸೇರಿ ಸುಮಾರು 900 ಮಂದಿಯಿದ್ದರು. ಗುರಿ ಕಾನ್‌ಸ್ಟಾಂಟಿನೋಪಲಿನ ತುರ್ಕಿ ಸುಲ್ತಾನನ ಆಸ್ಥಾನ. ಬಸ್ರಾ ಬಂದರನ್ನು ಗುತ್ತಿಗೆಗೆ ಕೊಟ್ಟರೆ ಪ್ರತಿಯಾಗಿ ಮಂಗಳೂರು ಬಂದರಿನಲ್ಲಿ ಅನುಕೂಲ ಕೊಡುವ ಪ್ರಸ್ತಾಪವೂ ಆ ರಾಯಭಾರದ ಕಾರ್ಯಸೂಚಿಯಲ್ಲಿತ್ತು.

ಯಾತ್ರೆ ದುರಂತವಾಯಿತು. ಬಿರುಗಾಳಿಗೂ ಬೆಂಕಿಗೂ ಹಡಗುಗಳು ತುತ್ತಾದವು. ಸರಕೂ ಜೀವಗಳೂ ಹೋದವು. ಬದುಕುಳಿದವರನ್ನು ದಾರಿಯ ಊರುಗಳಲ್ಲಿ ರೋಗಗಳು ಕಾಡಿದವು. ರಾಯಭಾರಿಗಳು ತುರ್ಕಿಯ ರಾಜಧಾನಿಯನ್ನು ಮುಟ್ಟಿ, ಈಜಿಪ್ಟ್ ಮತ್ತು ಜೆಡ್ಡಾ ಮಾರ್ಗವಾಗಿ 1789ರ ಕೊನೆಯ ಹೊತ್ತಿಗೆ ಮರಳಿದಾಗ, ಹೊರಟವರಲ್ಲಿ ಉಳಿದವರು ಬೆರಳೆಣಿಕೆಯಷ್ಟೇ. ಒಂದು ಯುದ್ಧದಲ್ಲಿ ಇಷ್ಟು ಜನ ಸತ್ತಿದ್ದರೆ ಅದಕ್ಕೊಂದು ಹೆಸರಿರುತ್ತಿತ್ತು. ತದಡಿಯಿಂದ ಹೊರಟ ಖಲಾಸಿಗಳಿಗೆ ಯಾವ ಸ್ಮಾರಕವೂ ಇಲ್ಲ.

ಇಂತಹ ನಷ್ಟ ಬ್ರಿಟಿಷ್ ನೌಕಾಪಡೆಯಲ್ಲಿ ಆಗಿದ್ದರೆ ನಡೆಯುತ್ತಿದ್ದ ಕ್ರಮವೇ ಬೇರೆ. ಅಲ್ಲಿ ಹಡಗು ಕಳೆದುಕೊಂಡ ಕಪ್ತಾನನು ಬದುಕಿ ಬಂದರೆ ಸೇನಾ ನ್ಯಾಯಾಲಯದ ಮುಂದೆ ನಿಲ್ಲಲೇಬೇಕಿತ್ತು. ತಪ್ಪಿಲ್ಲವೆಂದಾದರೆ ಬಿಡುಗಡೆ, ಇದೆಯೆಂದಾದರೆ ಶಿಕ್ಷೆ. ಶತ್ರುವಿನ ಮುಂದೆ ಕೈಲಾದುದನ್ನೆಲ್ಲ ಮಾಡಲಿಲ್ಲವೆಂಬ ಕಾರಣಕ್ಕೆ 1757ರಲ್ಲಿ ಬಿಂಗ್ ಎಂಬ ನೌಕಾಧಿಪತಿಯನ್ನೇ ಅವರು ಗುಂಡಿಕ್ಕಿ ಕೊಂದಿದ್ದರು. ಆ ಕಠೋರತೆ ಮೆಚ್ಚತಕ್ಕದ್ದಲ್ಲದಿರಬಹುದು. ಆದರೆ ಪ್ರತಿಯೊಂದು ನಷ್ಟದ ಕಾರಣವನ್ನು ಕೇಳಿ ಬರೆದಿಡುವ ಪದ್ಧತಿಯಿಂದ ಮುಂದಿನ ಕಪ್ತಾನನಿಗೆ ಪಾಠ ದೊರೆಯುತ್ತಿತ್ತು. ಇದಲ್ಲದೆ 1677ರಿಂದಲೇ ಅಲ್ಲಿ ಲೆಫ್ಟಿನೆಂಟ್ ಹುದ್ದೆಗೆ ಪರೀಕ್ಷೆಯಿತ್ತು. ವರ್ಷಗಟ್ಟಲೆ ಕಡಲಿನಲ್ಲಿ ದುಡಿದವನಿಗೆ ಮಾತ್ರ ಆ ಪರೀಕ್ಷೆಗೆ ಕೂರುವ ಅವಕಾಶ. ಹಡಗಿನ ಒಡೆತನ ಬೇರೆ, ಹಡಗನ್ನು ನಡೆಸುವ ಅರ್ಹತೆ ಬೇರೆ ಎಂಬುದು ಅಲ್ಲಿ ಶತಮಾನದ ಹಿಂದೆಯೇ ಇತ್ಯರ್ಥವಾಗಿತ್ತು.

1796ರ ನಿಯಮಾವಳಿ

ಮೂರನೆಯ ಮೈಸೂರು ಯುದ್ಧದ ಸೋಲಿನಲ್ಲಿ, 1792ರ ಒಪ್ಪಂದದಂತೆ, ಟಿಪ್ಪು ಅರ್ಧ ರಾಜ್ಯವನ್ನೂ ಮಲಬಾರಿನ ಬಂದರುಗಳನ್ನೂ ಕಳೆದುಕೊಂಡನು. ಕನ್ನಡ ಕರಾವಳಿ ಉಳಿಯಿತು. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಅವನು ಆಡಳಿತದ ಪ್ರತಿಯೊಂದು ವಿಭಾಗಕ್ಕೂ ನಿಯಮಗಳನ್ನು ಬರೆಸಿದನು. ವ್ಯಾಪಾರಕ್ಕೊಂದು ಮಂಡಲಿ, ಸೈನ್ಯಕ್ಕೊಂದು ಮಂಡಲಿಯಾದಂತೆ, 1796ರಲ್ಲಿ ನೌಕಾಪಡೆಗೆ ಮೀರ್ ಯಮ್ ಎಂಬ ಹನ್ನೊಂದು ಅಧಿಕಾರಿಗಳ ಮಂಡಲಿಯು ಬಂದಿತು. ಅವರ ಕೆಳಗೆ ಮೀರ್ ಬಹರ್ ಎಂಬ ಮೂವತ್ತು ನಾಯಕರು. ಇವರಲ್ಲಿ ಇಪ್ಪತ್ತು ಮಂದಿ ಹಡಗುಗಳ ಜೊತೆಗಿರಬೇಕು, ಹತ್ತು ಮಂದಿ ಆಸ್ಥಾನದಲ್ಲಿದ್ದು ಕೆಲಸ ಕಲಿಯಬೇಕೆಂದು ವಿಧಿಸಲಾಯಿತು.

ಒಟ್ಟು ಯೋಜನೆ 40ರಷ್ಟು ದೊಡ್ಡ ಯುದ್ಧನೌಕೆಗಳದು. ನೆಲೆಗಳು ಮೂರು: ಜಮಾಲಾಬಾದ್ ಎಂದರೆ ಮಂಗಳೂರು, ಹೊನ್ನಾವರದ ಬಳಿಯ ಬಸವರಾಜದುರ್ಗದ ಸಮೀಪದ ವಾಜಿದಾಬಾದ್, ಕಾರವಾರದ ಸದಾಶಿವಗಡವಾದ ಮಜೀದಾಬಾದ್. ಘಟ್ಟದ ಕಾಡುಗಳ ಮರವನ್ನು ಕಡಿದು ನದಿಗಳಲ್ಲಿ ತೇಲಿಬಿಟ್ಟು ಕಟ್ಟೆಗಳಿಗೆ ತರಿಸಬೇಕು. ಹಡಗಿನ ಮಾದರಿಯನ್ನು ಅರಸನೇ ಕಳುಹಿಸುವನು.

ಈ ನಿಯಮಾವಳಿಯಲ್ಲಿ ಗಮನಿಸತಕ್ಕ ಅಂಶ ಹಡಗುಗಳ ಸಂಖ್ಯೆಯಲ್ಲ, ಹೊಣೆಯ ಹಂಚಿಕೆ. ಪ್ರತಿ ಹಡಗಿಗೂ ನಾಲ್ವರು ಮುಖ್ಯ ಅಧಿಕಾರಿಗಳು. ಮೊದಲನೆಯವನಿಗೆ ಇಡೀ ಹಡಗಿನ ಅಧಿಕಾರ. ಎರಡನೆಯವನಿಗೆ ಫಿರಂಗಿ ಮತ್ತು ಮದ್ದಿನ ಕೋಣೆ. ಮೂರನೆಯವನಿಗೆ ಬಂದೂಕಿನ ಸಿಪಾಯಿಗಳು. ನಾಲ್ಕನೆಯವನಿಗೆ ಖಲಾಸಿಗಳು, ಕುಶಲಕರ್ಮಿಗಳು, ಆಹಾರಸಾಮಗ್ರಿ ಹಾಗೂ ಹಡಗನ್ನು ನಡೆಸುವ ಕೆಲಸ. ಯಾವ ಕೆಲಸ ಕೆಟ್ಟರೆ ಯಾರನ್ನು ಕೇಳಬೇಕೆಂಬುದು ಹೀಗೆ ಸ್ಪಷ್ಟವಾಯಿತು. 1768ರಲ್ಲಿ ಇಲ್ಲದಿದ್ದುದು ಇದೇ. ಮೂವತ್ತು ವರ್ಷಗಳ ನಷ್ಟದಿಂದ ಟಿಪ್ಪು ಏನನ್ನು ಕಲಿತನೆಂಬುದಕ್ಕೆ ಈ ಕಡತವೇ ಸಾಕ್ಷಿ.

ಆದರೆ ಅದರ ದೌರ್ಬಲ್ಯವೂ ಅದರಲ್ಲಿಯೇ ಕಾಣುತ್ತದೆ. ಕಡಲಿನಲ್ಲಿ ನಡೆಯಬೇಕಾದ ಕಲಿಕೆಯ ಒಂದು ಪಾಲನ್ನು ಸಮುದ್ರದಿಂದ ಬಹುದೂರದ ಶ್ರೀರಂಗಪಟ್ಟಣದಲ್ಲಿ ಇರಿಸಲಾಗಿತ್ತು. ಹಡಗನ್ನು ನಡೆಸುವ ಕೆಲಸವನ್ನು ನಾಲ್ಕನೆಯ ಅಧಿಕಾರಿಗೆ, ಅಡುಗೆಯ ಸಾಮಗ್ರಿಯ ಜೊತೆಗೆ ಕೊಡಲಾಗಿತ್ತು. ಅಳಿವೆಯ ಮರಳನ್ನು ಬಲ್ಲ ತಾಂಡೇಲನು ಖಲಾಸಿಯಾಗಿಯೇ ಉಳಿದನು. ಆಜ್ಞೆ ಕೊಡುವವನು ಆಸ್ಥಾನದಿಂದ ಬರಬೇಕಿತ್ತು. ಲುತ್ಫ್ ಅಲಿ ಬೇಗನ ತಪ್ಪು ಪೂರ್ತಿಯಾಗಿ ಅಳಿಸಿಹೋಗಿರಲಿಲ್ಲ.

ಒಬ್ಬ ಕಪ್ತಾನನನ್ನು ನಂಬಿದ ಬೆಲೆ

1797ರ ಆರಂಭದಲ್ಲಿ ಮಂಗಳೂರಿಗೆ ಜಖಂಗೊಂಡ ಫ್ರೆಂಚ್ ಹಡಗೊಂದು ದುರಸ್ತಿಗಾಗಿ ಬಂದಿತು. ಅದರ ಕಪ್ತಾನ ರಿಪೋ ಖಾಸಗಿ ಕಡಲ ಬೇಟೆಗಾರ. ಮಂಗಳೂರಿನ ನೌಕಾಧಿಕಾರಿ ಗುಲಾಂ ಅಲಿಯು ಅವನನ್ನು ಸುಲ್ತಾನನ ಬಳಿಗೆ ಕಳುಹಿಸಿದನು. ತಾನು ಮಾರಿಷಸ್ ದ್ವೀಪದ ದೊಡ್ಡ ಅಧಿಕಾರಿ, ಅಲ್ಲಿ ಮೈಸೂರಿನ ನೆರವಿಗಾಗಿ ಸಾವಿರಾರು ಫ್ರೆಂಚ್ ಸೈನಿಕರು ಕಾದಿದ್ದಾರೆ ಎಂದು ರಿಪೋ ಹೇಳಿಕೊಂಡನು. ಈತನನ್ನು ನಂಬಬಾರದೆಂದು ಮಂತ್ರಿಗಳು ಎಚ್ಚರಿಸಿದರು. ಟಿಪ್ಪು ಕೇಳಲಿಲ್ಲ. ಸಮುದ್ರದ ಕಡೆಯಿಂದ ಬಂದ ನೆರವಿನ ಮಾತು, ಆ ದಿಕ್ಕಿನಲ್ಲಿ ಜೀವಮಾನವಿಡೀ ಸೋತವನಿಗೆ ಬಹಳ ಹಿತವಾಗಿ ಕೇಳಿಸಿರಬೇಕು.

1797ರ ಅಕ್ಟೋಬರಿನಲ್ಲಿ ಟಿಪ್ಪುವಿನ ದೂತರು ರಿಪೋನೊಡನೆ ಮಂಗಳೂರಿನಿಂದ ಮಾರಿಷಸ್ಸಿಗೆ ಹೊರಟರು. ಅಲ್ಲಿ ಯಾವ ಸೈನ್ಯವೂ ಇರಲಿಲ್ಲ. ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿ 30ರಂದು, ಮೈಸೂರಿನ ಸೇವೆಗೆ ಸ್ವಯಂಸೇವಕರು ಬೇಕೆಂದು ಬಹಿರಂಗ ಘೋಷಣೆ ಹೊರಡಿಸಿದನು. ಗುಟ್ಟಾಗಿರಬೇಕಿದ್ದ ಮೈತ್ರಿ ಜಗಜ್ಜಾಹೀರಾಯಿತು. ಏಪ್ರಿಲ್ 26ರಂದು ಫ್ರೆಂಚ್ ಯುದ್ಧನೌಕೆಯೊಂದು ಮಂಗಳೂರಿನಲ್ಲಿ ಇಳಿಸಿದ ಸ್ವಯಂಸೇವಕರ ಸಂಖ್ಯೆ ನೂರಕ್ಕಿಂತ ಕಡಿಮೆ. ಆ ಘೋಷಣೆಯ ಪ್ರತಿಯೇ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆಪವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಹೋರಾಡುತ್ತಲೇ ಮಡಿದನು. ನಿಯಮಾವಳಿ ಹೊರಟು ಮೂರು ವರ್ಷಗಳೂ ತುಂಬಿರಲಿಲ್ಲ. ನಲವತ್ತು ಹಡಗುಗಳ ಪಡೆ ಕಾಗದದಲ್ಲಿಯೇ ಉಳಿಯಿತು.

ಹೊಣೆ ಯಾರದು?

ಟಿಪ್ಪುವಿನ ಬಳಿಕ ಕರಾವಳಿ ಬ್ರಿಟಿಷರದಾಯಿತು. ಕಡಲಿನ ಅಧಿಕಾರಿಯಾಗುವ ಅವಕಾಶ ಭಾರತೀಯರಿಗೆ ಮತ್ತೆ ತೆರೆದುಕೊಳ್ಳಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ವ್ಯಾಪಾರಿ ಹಡಗುಗಳ ಕಪ್ತಾನರಿಗೆ ಬ್ರಿಟನ್ 1850ರಲ್ಲಿ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಭಾರತೀಯ ಯುವಕರನ್ನು ಹಡಗಿನ ಅಧಿಕಾರಿಗಳನ್ನಾಗಿ ತರಬೇತುಗೊಳಿಸುವ ಡಫರಿನ್ ತರಬೇತಿ ನೌಕೆ ಮುಂಬಯಿಯಲ್ಲಿ ಆರಂಭವಾದುದು 1927ರಲ್ಲಿ. 1978ರಲ್ಲಿ ನಾವಿಕರ ತರಬೇತಿ, ಪ್ರಮಾಣಪತ್ರ ಮತ್ತು ಪಹರೆಯ ಅಂತರರಾಷ್ಟ್ರೀಯ ಒಪ್ಪಂದವಾಯಿತು. 1995 ಹಾಗೂ 2010ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಇಂದು ಬಂಟ್ವಾಳದ ಯುವಕನಾಗಲಿ ಮನಿಲಾದ ಯುವಕನಾಗಲಿ ಒಂದೇ ಅಳತೆಗೋಲಿನಲ್ಲಿ ಪರೀಕ್ಷೆಗೊಳಗಾಗುತ್ತಾನೆ.

ಆದರೂ ಹೊಣೆಯ ಪ್ರಶ್ನೆ ಮುಗಿದಿಲ್ಲ. 2009ರ ಜುಲೈ ತಿಂಗಳ ಮಳೆಗಾಲದಲ್ಲಿ ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿಯನ್ನು ಹೊತ್ತು ಹೊರಟ ಏಷ್ಯನ್ ಫಾರೆಸ್ಟ್ ಎಂಬ ಹಡಗು ವಾಲಿ ಮುಳುಗಿತು. ಕರಾವಳಿ ರಕ್ಷಣಾ ಪಡೆಯು 18 ಮಂದಿ ಸಿಬ್ಬಂದಿಯನ್ನೂ ರಕ್ಷಿಸಿತು. ತೇವಗೊಂಡ ಅದಿರಿನ ಪುಡಿ ಅಲೆಗಳ ಕುಲುಕಾಟಕ್ಕೆ ಕೆಸರಿನಂತಾಗಿ ಒಂದು ಬದಿಗೆ ಸರಿಯುತ್ತದೆ. ಹಡಗು ಮತ್ತೆ ನೆಟ್ಟಗಾಗುವುದಿಲ್ಲ. ತೇವಾಂಶದ ಪ್ರಮಾಣವನ್ನು ಸರಿಯಾಗಿ ತಿಳಿಸಬೇಕಾದುದು ಸರಕಿನವನ ಕರ್ತವ್ಯ, ಅನುಮಾನವಿದ್ದರೆ ತುಂಬಿಸಿಕೊಳ್ಳದಿರುವುದು ಕಪ್ತಾನನ ಕರ್ತವ್ಯ, ಹಾಗೆ ನಿರಾಕರಿಸಿದ ಕಪ್ತಾನನ ಬೆನ್ನಿಗೆ ನಿಲ್ಲಬೇಕಾದುದು ಮಾಲೀಕನ ಕರ್ತವ್ಯ. ಮೂವರಲ್ಲಿ ಒಬ್ಬನು ತಪ್ಪಿದರೂ ಅಪಾಯವನ್ನು ಎದುರಿಸುವವರು ಹಡಗಿನಲ್ಲಿರುವವರು.

ಟಿಪ್ಪುವಿನ ನೌಕಾಪಡೆಯ ಕಥೆಯೂ ಇದನ್ನೇ ಹೇಳುತ್ತದೆ. ಹಡಗು ಮುಳುಗಿದಾಗ ಚುಕ್ಕಾಣಿಯ ಬಳಿ ನಿಂತವನನ್ನು ಕೇಳುವುದು ನ್ಯಾಯ. ಅವನನ್ನು ಅಲ್ಲಿ ನಿಲ್ಲಿಸಿದವರನ್ನೂ ಕೇಳಬೇಕು. ತದಡಿಯಿಂದ ಹೊರಟ ನೂರಾರು ಜನರ ಪರವಾಗಿ ಆ ಪ್ರಶ್ನೆಯನ್ನು ಕೇಳುವ ನ್ಯಾಯಾಲಯ ಅಂದು ಇರಲಿಲ್ಲ. ಅದರ ಅಗತ್ಯವನ್ನು ಅರಸನು ಅರಿತು ಹೊಣೆಯನ್ನು ಹಂಚಿ ಬರೆಯಿಸುವ ಹೊತ್ತಿಗೆ ಅವನಿಗೆ ಕಾಲವೇ ಉಳಿದಿರಲಿಲ್ಲ. ಗಡಾಯಿಕಲ್ಲಿನ ಕೋಟೆ ಇನ್ನೂ ನಿಂತಿದೆ, ಸುಲ್ತಾನ್ ಬತ್ತೇರಿಯೂ ನಿಂತಿದೆ. ಹಡಗುಗಳಲ್ಲಿ ಒಂದೂ ಉಳಿದಿಲ್ಲ.